ಹೆಪ್ಪುಗಟ್ಟುವ ಚಳಿಯಲ್ಲಿ ಸೌರ ಲಿಥಿಯಂ ಬ್ಯಾಟರಿ: ನೀಲಗಿರಿಯ ಮನೆಗಳಿಗೊಂದು ಕೈಪಿಡಿ

ಪ್ರತಿವರ್ಷ ನವೆಂಬರ್ ತಿಂಗಳ ಕೊನೆಯಿಂದ ಫೆಬ್ರವರಿಯವರೆಗೆ ನೀಲಗಿರಿಯ ಎತ್ತರದ ಊರುಗಳಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅದರ ಸುತ್ತಲಿನ ತಲೈಕುಂದಾ, ಅವಲಾಂಚಿಯಂತಹ ತಗ್ಗು ಪ್ರದೇಶಗಳಲ್ಲಿ ಮೋಡವಿಲ್ಲದ ರಾತ್ರಿಗಳ ಕೊನೆಯ ಜಾವಕ್ಕೆ ಉಷ್ಣಾಂಶವು ಸೊನ್ನೆ ಡಿಗ್ರಿಯ ಸಮೀಪಕ್ಕೆ ಇಳಿಯುವುದು, ಕೆಲವೊಮ್ಮೆ ಅದಕ್ಕೂ ಕೆಳಗೆ ಹೋಗುವುದು ಹೊಸ ಸಂಗತಿಯೇನಲ್ಲ. ಮಕ್ಕಳು ಸಾರ್ವಜನಿಕ ಪರೀಕ್ಷೆಗೆ ಓದಿಕೊಳ್ಳುವ ಕಾಲವೂ ಇದೇ ಆಗಿದೆ. ಕರೆಂಟು ಹೋದ ರಾತ್ರಿ ಪುಸ್ತಕದ ಮೇಲೆ ಬೆಳಕು ಬೀಳಬೇಕಾದರೆ ಅನೇಕ ಮನೆಗಳಲ್ಲಿ ಸೌರ ದೀಪವೇ ಆಧಾರ.

ಈ ದೀಪಗಳ ಒಳಗೆ ಇಂದು ಇರುವುದು ಹೆಚ್ಚಾಗಿ ಲಿಥಿಯಂ ಬ್ಯಾಟರಿ. ಅದರೊಡನೆ ಬರುವ ಸೂಚನಾ ಪತ್ರವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ದೊರೆಯುವುದು ಅಪರೂಪ. ಆದ್ದರಿಂದ ಆ ಪತ್ರದ ಅತಿ ಮುಖ್ಯವಾದ ಸಾಲು ನಮ್ಮ ಮನೆಗಳನ್ನು ತಲುಪುವುದೇ ಇಲ್ಲ. ಆ ಸಾಲಿನ ಅರ್ಥವನ್ನು ಮೊದಲೇ ಹೇಳಿಬಿಡುತ್ತೇವೆ: ಲಿಥಿಯಂ ಬ್ಯಾಟರಿಯ ಮೈ 0 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವಾಗ ಅದರಿಂದ ದೀಪ ಉರಿಸಬಹುದು, ಆದರೆ ಅದನ್ನು ಚಾರ್ಜ್ ಮಾಡಬಾರದು. ಈ ಲೇಖನದ ಉಳಿದ ಭಾಗವು ಈ ಒಂದು ಮಾತಿನ ವಿವರಣೆ ಮತ್ತು ಅದನ್ನು ಪಾಲಿಸುವ ಬಗೆ.

ಯಾರಿಗೆ ಅನ್ವಯಿಸುತ್ತದೆ

ಗಡಿಭಾಗದ ಎಲ್ಲ ಕನ್ನಡಿಗರಿಗೂ ಈ ಎಚ್ಚರಿಕೆ ಅಗತ್ಯವಿಲ್ಲ. ಕಾಸರಗೋಡು, ಹೊಸೂರು, ತಾಳವಾಡಿ, ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ರಾಯದುರ್ಗದ ಚಳಿಗೆ ಲಿಥಿಯಂ ಬ್ಯಾಟರಿ ಹೆದರುವುದಿಲ್ಲ; ಅಲ್ಲಿನ ಹಲವೆಡೆ ಬೇಸಗೆಯ ಬಿಸಿಲೇ ಅದರ ಶತ್ರು. ನೀಲಗಿರಿಯ ಎತ್ತರದಲ್ಲಿ ನೆಲೆಸಿದವರು ಮತ್ತು ಲಡಾಖ್‌ನಂತಹ ಹಿಮಪ್ರದೇಶದಲ್ಲಿ ಸೈನ್ಯದಲ್ಲೋ ರಸ್ತೆ ಕಾಮಗಾರಿಯಲ್ಲೋ ಇರುವ ಬಂಧುಗಳು ಇದನ್ನು ತಿಳಿದಿರಬೇಕು. ಲೇಹ್‌ನಲ್ಲಿ ಜನವರಿಯ ರಾತ್ರಿಗಳು ಸೊನ್ನೆಗಿಂತ 10 ಡಿಗ್ರಿಗೂ ಹೆಚ್ಚು ಕೆಳಗಿಳಿಯುವುದು ಸಾಮಾನ್ಯ. ಅಲ್ಲಿ ಬ್ಯಾಟರಿಗೆ ಬಿಸಿ ನೀಡುವ ವ್ಯವಸ್ಥೆಯೇ ಬೇಕಾಗುತ್ತದೆ. ನೀಲಗಿರಿಯಲ್ಲಾದರೋ ಜಾಗದ ಆಯ್ಕೆ ಮತ್ತು ಹೊತ್ತಿನ ಆಯ್ಕೆ, ಇವೆರಡೇ ಸಾಕು.

ಬ್ಯಾಟರಿಯ ಒಳಗೆ ನಡೆಯುವುದೇನು

ಲಿಥಿಯಂ ಅಯಾನ್ ಬ್ಯಾಟರಿಯು 1991ರಲ್ಲಿ ಮೊದಲು ಮಾರುಕಟ್ಟೆಗೆ ಬಂದಿತು. ಇದರ ಬೆಳವಣಿಗೆಗಾಗಿ ಜಾನ್ ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಸೌರ ದೀಪಗಳಲ್ಲಿ ಈಗ ಹೆಚ್ಚು ಬಳಕೆಯಾಗುವ ಬಗೆ ಲಿಥಿಯಂ ಐರನ್ ಫಾಸ್ಫೇಟ್. ಇದರ ಕುರಿತ ಮೂಲ ಸಂಶೋಧನಾ ಪ್ರಬಂಧವನ್ನು 1997ರಲ್ಲಿ ಪಾಧಿ, ನಂಜುಂಡಸ್ವಾಮಿ ಮತ್ತು ಗುಡಿನಫ್ ಪ್ರಕಟಿಸಿದರು.

ಬ್ಯಾಟರಿಯ ಋಣ ತುದಿಯಲ್ಲಿ ಗ್ರಾಫೈಟ್ ಇರುತ್ತದೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಇದೇ ವಸ್ತು. ಪುಸ್ತಕದ ಹಾಳೆಗಳಂತೆ ಅದರಲ್ಲಿ ಪದರಗಳಿವೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ದ್ರವವನ್ನು ದಾಟಿ ಬಂದು ಈ ಪದರಗಳ ನಡುವೆ ಸೇರಿಕೊಳ್ಳುತ್ತವೆ. ದೀಪ ಉರಿಯುವಾಗ ಹೊರಬಂದು ಹಿಂದಿರುಗುತ್ತವೆ.

ಚಳಿಯಲ್ಲಿ ಪದರಗಳ ಒಳಗೆ ಸೇರುವ ಈ ಕ್ರಿಯೆ ಬಹಳ ನಿಧಾನವಾಗುತ್ತದೆ. ಫಲಕವಾದರೋ ವಿದ್ಯುತ್ತನ್ನು ಕಳುಹಿಸುತ್ತಲೇ ಇರುತ್ತದೆ. ಒಳಗೆ ಹೋಗಲಾಗದ ಲಿಥಿಯಂ ಗ್ರಾಫೈಟಿನ ಮೇಲ್ಮೈಯಲ್ಲೇ ಲೋಹವಾಗಿ ಲೇಪಗೊಳ್ಳುತ್ತದೆ. ಲಿಥಿಯಂ ಗ್ರಾಫೈಟಿನೊಳಗೆ ಸೇರುವುದಕ್ಕೂ ಹೊರಗೆ ಲೋಹವಾಗಿ ಕೂರುವುದಕ್ಕೂ ನಡುವೆ ಇರುವ ಅಂತರ ಸುಮಾರು 0.1 ವೋಲ್ಟ್ ಮಾತ್ರ. ಚಳಿಯು ಈ ಸಣ್ಣ ಅಂತರವನ್ನು ಸುಲಭವಾಗಿ ಅಳಿಸಿಬಿಡುತ್ತದೆ.

ಹೀಗೆ ಕುಳಿತ ಲೋಹದಲ್ಲಿ ಒಂದು ಭಾಗ ಮರಳಿ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಅದಕ್ಕಿಂತ ಕೆಟ್ಟ ಸಾಧ್ಯತೆಯೂ ಇದೆ: ಲೋಹವು ಸೂಜಿಯಂತೆ ಬೆಳೆದು ಎರಡು ತುದಿಗಳ ನಡುವಿನ ತೆಳು ಪೊರೆಯನ್ನು ಚುಚ್ಚಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಬಹುದು. ಹಾನಿಯು ಚಳಿಯ ಬೆಳಗಿನಲ್ಲಿ ಆಗಿರುತ್ತದೆ. ಅದರ ಫಲ ತಿಂಗಳುಗಳ ನಂತರ, ಬೆಚ್ಚಗಿನ ದಿನವೊಂದರಲ್ಲಿ ಕಾಣಿಸಿಕೊಳ್ಳಬಹುದು. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ದೀಪ ಉರಿಸುವಾಗ ಲಿಥಿಯಂ ಗ್ರಾಫೈಟಿನಿಂದ ಹೊರಬರುತ್ತಿರುವುದರಿಂದ ಈ ಲೇಪದ ತೊಂದರೆ ಇಲ್ಲ. ಈ ಕಾರಣದಿಂದಲೇ ತಯಾರಕರು ಚಾರ್ಜ್ ಮಾಡಲು 0 ಡಿಗ್ರಿಯ ಮಿತಿಯನ್ನೂ, ಬಳಸಲು ಸೊನ್ನೆಗಿಂತ 20 ಡಿಗ್ರಿ ಕೆಳಗಿನವರೆಗೆ ಅವಕಾಶವನ್ನೂ ಸಾಮಾನ್ಯವಾಗಿ ನೀಡುತ್ತಾರೆ. ಚಳಿಯಲ್ಲಿ ದೀಪ ಸ್ವಲ್ಪ ಬೇಗ ಆರುತ್ತದೆ, ಅಷ್ಟೆ. ಬ್ಯಾಟರಿ ಬೆಚ್ಚಗಾದಾಗ ಆ ಶಕ್ತಿ ಮರಳಿ ದೊರೆಯುತ್ತದೆ.

ಅಪಾಯದ ವೇಳೆ ಬೆಳಗಿನ ಜಾವ

ಚಳಿ ಎಂದರೆ ರಾತ್ರಿ ಎಂದು ನಾವು ಎಣಿಸುತ್ತೇವೆ. ಸೌರ ಬ್ಯಾಟರಿಯ ಮಟ್ಟಿಗೆ ಅಪಾಯದ ಹೊತ್ತು ಸೂರ್ಯೋದಯದ ನಂತರದ ಒಂದೆರಡು ಗಂಟೆಗಳು. ಇಬ್ಬನಿ ಹೆಪ್ಪುಗಟ್ಟಬೇಕಾದರೆ ಆಕಾಶ ತಿಳಿಯಾಗಿರಬೇಕು. ಆಕಾಶ ತಿಳಿಯಾಗಿದ್ದರೆ ಬೆಳಗಿನ ಬಿಸಿಲೂ ಚುರುಕಾಗಿರುತ್ತದೆ. ಫಲಕವು ಬೆಳಕು ಬಿದ್ದ ಕೂಡಲೇ ವಿದ್ಯುತ್ ಉತ್ಪಾದಿಸುತ್ತದೆ. ಆದರೆ ರಾತ್ರಿಯೆಲ್ಲ ತಣಿದ ಬ್ಯಾಟರಿಯ ಒಳಭಾಗ ಬೆಚ್ಚಗಾಗಲು ಕೆಲವು ಗಂಟೆಗಳೇ ಬೇಕು.

ಇನ್ನೊಂದು ಸಂಗತಿ. ಹವಾಮಾನ ವರದಿಯ ಉಷ್ಣಾಂಶ ನೆಲದಿಂದ ಒಂದೆರಡು ಮೀಟರ್ ಎತ್ತರದ ಗಾಳಿಯದು. ತೆರೆದ ಆಕಾಶಕ್ಕೆ ಮುಖಮಾಡಿದ ಹುಲ್ಲು, ತಗಡು, ಲೋಹದ ಪೆಟ್ಟಿಗೆಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತವೆ. ವರದಿಯಲ್ಲಿ 3 ಡಿಗ್ರಿ ಇದ್ದ ದಿನವೂ ಹುಲ್ಲಿನ ಮೇಲೆ ನೀರ್ಗಲ್ಲು ಕಾಣುವುದು ಇದರಿಂದಲೇ. ಅಂಗಳದ ಕಂಬದ ಮೇಲೆ ಫಲಕ, ಬ್ಯಾಟರಿ, ದೀಪ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ ಸಾಧನಗಳಿಗೆ ಈ ಹೊಡೆತ ಹೆಚ್ಚು.

ಮಕ್ಕಳ ಓದುವ ದೀಪವೂ ಇದೇ ಗುಂಪಿಗೆ ಸೇರುತ್ತದೆ. ಅದನ್ನು ಸಂಜೆ ಅಂಗಳದಲ್ಲೇ ಮರೆತರೆ ಸಣ್ಣ ಬ್ಯಾಟರಿಯಾದ್ದರಿಂದ ಬೇಗ ತಣ್ಣಗಾಗುತ್ತದೆ. ಅದರ ಫಲಕವು ಬ್ಯಾಟರಿಯ ಗಾತ್ರಕ್ಕೆ ಹೋಲಿಸಿದರೆ ದೊಡ್ಡದೇ. ಲೆಕ್ಕ ಹಾಕಿ ನೋಡೋಣ. 12.8 ವೋಲ್ಟ್, 100 ಆಂಪಿಯರ್ ಗಂಟೆಯ ಮನೆಯ ಬ್ಯಾಟರಿಗೆ 100 ವ್ಯಾಟ್ ಫಲಕ ಗರಿಷ್ಠ 7 ಆಂಪಿಯರ್‌ನಷ್ಟು ಕೊಡುತ್ತದೆ; ಅಂದರೆ ಸಾಮರ್ಥ್ಯದ ನೂರಕ್ಕೆ 7 ಪಾಲು. 3.2 ವೋಲ್ಟ್, 6 ಆಂಪಿಯರ್ ಗಂಟೆಯ ಓದುವ ದೀಪಕ್ಕೆ 5 ವ್ಯಾಟ್ ಫಲಕ ಒಂದೂವರೆ ಆಂಪಿಯರ್‌ನಷ್ಟು ಕೊಡಬಲ್ಲದು. ಅದು ನೂರಕ್ಕೆ 25 ಪಾಲು. ಕೈಯಲ್ಲಿ ಹಿಡಿಯುವ ದೀಪಕ್ಕೇ ಹೆಚ್ಚು ಎಚ್ಚರ ಬೇಕು.

ಹಳೆಯ ಬ್ಯಾಟರಿಯ ಪಾಠ ಇಲ್ಲಿ ನಡೆಯದು

ನಮ್ಮ ಹಿರಿಯರು ಬಳಸಿದ್ದು ಸೀಸ ಮತ್ತು ಆಮ್ಲದ ಬ್ಯಾಟರಿ. ಅದು ಖಾಲಿಯಾದಾಗ ಒಳಗಿನ ಆಮ್ಲ ತೆಳುವಾಗಿ ಚಳಿಗೆ ಹೆಪ್ಪುಗಟ್ಟಿ ಒಡೆಯಬಹುದು. ಆದ್ದರಿಂದ ಚಳಿಗಾಲದಲ್ಲಿ ಅದನ್ನು ಸದಾ ತುಂಬಿಸಿಡಬೇಕೆಂಬ ಬುದ್ಧಿವಾದ ಸರಿಯಾಗಿಯೇ ಇತ್ತು. ಅದೇ ಮಾತನ್ನು ಲಿಥಿಯಂಗೆ ಅನ್ವಯಿಸಿ, ಚಳಿಯ ಬೆಳಗಿನಲ್ಲಿ ಮೊದಲ ಬಿಸಿಲಿಗೇ ಚಾರ್ಜಿಗೆ ಇಡುವುದು ಹಾನಿಕರ.

ಸೀಸದ ಬ್ಯಾಟರಿಗೆಂದು ತಂದ ಚಾರ್ಜ್ ಕಂಟ್ರೋಲರನ್ನೇ ಲಿಥಿಯಂಗೂ ಮುಂದುವರಿಸುವುದು ಇನ್ನೊಂದು ತಪ್ಪು. ಅಂತಹ ಕಂಟ್ರೋಲರುಗಳಲ್ಲಿ ಹಲವು ಚಳಿ ಹೆಚ್ಚಿದಂತೆ ವೋಲ್ಟೇಜನ್ನು ಏರಿಸುತ್ತವೆ. 12 ವೋಲ್ಟ್ ಬ್ಯಾಟರಿಯ ಒಂದೊಂದು ಕೋಶಕ್ಕೆ ಡಿಗ್ರಿಗೆ 4 ಮಿಲಿವೋಲ್ಟ್ ಎಂದು ಹಿಡಿದರೆ, 6 ಕೋಶಗಳಿಗೆ 25 ಡಿಗ್ರಿಯ ಇಳಿಕೆಯಲ್ಲಿ 0.6 ವೋಲ್ಟ್ ಹೆಚ್ಚಾಗುತ್ತದೆ. 14.4 ಇದ್ದದ್ದು 15 ಆಗುತ್ತದೆ. ನಾಲ್ಕು ಕೋಶಗಳ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಮೇಲ್ಮಿತಿ 14.6 ವೋಲ್ಟ್ ಮಾತ್ರ. ಆದ್ದರಿಂದ ಕಂಟ್ರೋಲರಿನಲ್ಲಿ ಲಿಥಿಯಂ ಎಂಬ ಆಯ್ಕೆ ಇರಬೇಕು. ಉಷ್ಣಾಂಶಕ್ಕೆ ತಕ್ಕಂತೆ ವೋಲ್ಟೇಜ್ ಬದಲಿಸುವ ಏರ್ಪಾಡು ಮತ್ತು ಈಕ್ವಲೈಸೇಷನ್ ಎರಡನ್ನೂ ನಿಲ್ಲಿಸಿರಬೇಕು.

ಫಲಕದ ವೋಲ್ಟೇಜೂ ಚಳಿಯಲ್ಲಿ ಏರುತ್ತದೆಂಬುದನ್ನು ನೆನಪಿಡಬೇಕು: ಪ್ರತಿ ಡಿಗ್ರಿಗೆ ನೂರಕ್ಕೆ ಸುಮಾರು 0.3 ಪಾಲು. 25 ಡಿಗ್ರಿಯಲ್ಲಿ 22 ವೋಲ್ಟ್ ತೋರುವ ಫಲಕ ಸೊನ್ನೆ ಡಿಗ್ರಿಯಲ್ಲಿ 23.6ರ ಹತ್ತಿರ ಬರುತ್ತದೆ. ಎರಡು ಫಲಕಗಳನ್ನು ಸಾಲಾಗಿ ಜೋಡಿಸುವವರು ಕಂಟ್ರೋಲರಿನ ಮಿತಿಯನ್ನು ಈ ಏರಿಕೆ ಸೇರಿಸಿಯೇ ನೋಡಬೇಕು.

ಒಳಗಿನ ಕಾವಲುಗಾರ

ಬ್ಯಾಟರಿಯ ಒಳಗೆ ಬಿಎಂಎಸ್ ಎಂಬ ಸಣ್ಣ ವಿದ್ಯುನ್ಮಾನ ಹಲಗೆ ಇರುತ್ತದೆ. ಹೆಚ್ಚು ವೋಲ್ಟೇಜ್, ಹೆಚ್ಚು ಕರೆಂಟು ಬಂದಾಗ ಸಂಪರ್ಕ ಕಡಿಯುವುದು ಅದರ ಕೆಲಸ. ಒಳ್ಳೆಯ ಬಿಎಂಎಸ್ ಉಷ್ಣಾಂಶವನ್ನೂ ಅಳೆದು, ಸೊನ್ನೆಯ ಸಮೀಪದಲ್ಲಿ ಚಾರ್ಜ್ ಮಾತ್ರ ನಿಲ್ಲಿಸಿ ದೀಪಕ್ಕೆ ಅವಕಾಶ ಕೊಡುತ್ತದೆ. ಅಗ್ಗದ ಬ್ಯಾಟರಿಗಳಲ್ಲಿ ಈ ಏರ್ಪಾಡು ಇಲ್ಲದಿರುವುದುಂಟು. ಕೊಳ್ಳುವಾಗಲೇ ಈ ಪ್ರಶ್ನೆ ಕೇಳಬೇಕು.

ಇಲ್ಲಿ ಒಂದು ತಿಳಿವಳಿಕೆಯ ದೋಷ ಆಗಾಗ ನಡೆಯುತ್ತದೆ. ಚಳಿಯ ಬೆಳಗಿನಲ್ಲಿ ಬಿಸಿಲಿದ್ದರೂ ಚಾರ್ಜ್ ಆಗದಿದ್ದರೆ ಬ್ಯಾಟರಿ ಕೆಟ್ಟಿದೆಯೆಂದು ಮನೆಯವರು ಭಾವಿಸುತ್ತಾರೆ. ರಿಪೇರಿಯ ಹೆಸರಿನಲ್ಲಿ ಬಿಎಂಎಸ್ ತಪ್ಪಿಸಿ ಫಲಕದ ತಂತಿಯನ್ನು ನೇರವಾಗಿ ಕೋಶಗಳಿಗೆ ಕೊಡುವುದೂ ಉಂಟು. ಅದು ಬಾಗಿಲು ಕಾಯುವವನನ್ನು ಹೊರಗಟ್ಟಿ ಬಾಗಿಲು ತೆರೆದಿಟ್ಟಂತೆ. ಚಾರ್ಜ್ ನಿಂತಿದ್ದರೆ ಮೊದಲು ಮಧ್ಯಾಹ್ನದವರೆಗೆ ಕಾದು ನೋಡಿರಿ. ಬೆಚ್ಚಗಾದ ಮೇಲೆ ತಾನಾಗಿ ಆರಂಭವಾದರೆ ಬ್ಯಾಟರಿ ಸರಿಯಾಗಿಯೇ ಇದೆ.

ಲೇಬಲ್ಲಿನಲ್ಲಿ ಓದಬೇಕಾದ ಮಾತುಗಳು

ಲೇಬಲ್ ಇಂಗ್ಲಿಷಿನಲ್ಲಿದ್ದರೆ ಮನೆಯ ಮಕ್ಕಳಿಂದ ಓದಿಸಿರಿ. ಅವರು ಹುಡುಕಬೇಕಾದ ಮಾತುಗಳಿವು:

- ಚಾರ್ಜ್ ಟೆಂಪರೇಚರ್: ಚಾರ್ಜ್ ಮಾಡಬಹುದಾದ ಉಷ್ಣಾಂಶ. ಸಾಮಾನ್ಯವಾಗಿ 0ರಿಂದ 45 ಡಿಗ್ರಿ.
- ಡಿಸ್ಚಾರ್ಜ್ ಟೆಂಪರೇಚರ್: ಬಳಸಬಹುದಾದ ಉಷ್ಣಾಂಶ. ಸಾಮಾನ್ಯವಾಗಿ ಮೈನಸ್ 20ರಿಂದ 60 ಡಿಗ್ರಿ. ಈ ಸಾಲನ್ನು ಚಾರ್ಜಿನ ಸಾಲೆಂದು ತಿಳಿಯಬಾರದು.
- ಲೋ ಟೆಂಪರೇಚರ್ ಕಟ್ ಆಫ್ ಅಥವಾ ಪ್ರೊಟೆಕ್ಷನ್: ಚಳಿಯಲ್ಲಿ ಚಾರ್ಜ್ ತಾನಾಗಿ ನಿಲ್ಲುವ ಏರ್ಪಾಡು.
- ಸೆಲ್ಫ್ ಹೀಟಿಂಗ್: ಚಾರ್ಜಿಗೆ ಮುನ್ನ ತನ್ನನ್ನು ತಾನೇ ಬೆಚ್ಚಗಾಗಿಸಿಕೊಳ್ಳುವ ಬ್ಯಾಟರಿ.
- ಎಲ್‌ಎಫ್‌ಪಿ: ಲಿಥಿಯಂ ಐರನ್ ಫಾಸ್ಫೇಟ್. ಒಂದು ಕೋಶಕ್ಕೆ 3.2 ವೋಲ್ಟ್. 3.6 ಅಥವಾ 3.7 ವೋಲ್ಟ್ ಎಂದಿದ್ದರೆ ಅದು ಬೇರೆ ಬಗೆ. ಎಲ್‌ಎಫ್‌ಪಿ ಅದಕ್ಕಿಂತ ಶಾಖವನ್ನು ಹೆಚ್ಚು ತಾಳುತ್ತದೆ, ಆದರೆ ಚಳಿಯ ಚಾರ್ಜಿನ ನಿಯಮ ಎರಡಕ್ಕೂ ಒಂದೇ.
- ಬಿಐಎಸ್ ಗುರುತು: ಸಣ್ಣ ಲಿಥಿಯಂ ಬ್ಯಾಟರಿಗಳಿಗೆ ಐಎಸ್ 16046 ಎಂಬ ಮಾನಕ ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು.

ಎಲ್ಲಿ ಇಡಬೇಕು

ಮನೆಯ ಬ್ಯಾಟರಿ ಒಳಗೋಡೆಯ ಪಕ್ಕದಲ್ಲಿರಲಿ. ಹೊರಗೋಡೆ, ತಗಡಿನ ಮಾಡು, ಜಗಲಿ ಬೇಡ. ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ ನೇರವಾಗಿ ಇಡದೆ ಕೆಳಗೆ ಮರದ ಹಲಗೆ ಹಾಕಿರಿ. ಮಲಗುವ ಕೋಣೆ, ಮೆಟ್ಟಿಲ ಕೆಳಭಾಗ, ಮನೆಯಿಂದ ಹೊರಬರುವ ಒಂದೇ ದಾರಿ, ಇವೂ ಬೇಡ; ಬೆಂಕಿ ಹೊತ್ತಿದರೆ ಮಕ್ಕಳಿಗೆ ಹೊರಬರುವ ದಾರಿ ತೆರೆದಿರಬೇಕು. ಸೀಮೆಎಣ್ಣೆ, ಗ್ಯಾಸ್ ಸಿಲಿಂಡರ್, ಸೌದೆ ಹತ್ತಿರ ಇರಬಾರದು.

ಹೊರಗೇ ಇಡಬೇಕಾದ ಅನಿವಾರ್ಯವಿದ್ದರೆ ಮರದ ದಪ್ಪ ಪೆಟ್ಟಿಗೆಯಲ್ಲಿ, ಮಾಡಿನ ಕೆಳಗೆ, ಆಕಾಶಕ್ಕೆ ಮರೆಯಾಗಿ ಇಡಿರಿ. ಪೆಟ್ಟಿಗೆ ಶಾಖವನ್ನು ಹುಟ್ಟಿಸುವುದಿಲ್ಲ, ತಣಿಯುವುದನ್ನು ತಡಮಾಡುತ್ತದೆ, ಅಷ್ಟೆ. ಗಾಳಿಯಾಡಲು ಸಣ್ಣ ಕಂಡಿ ಇರಲಿ. ಥರ್ಮೋಕೋಲ್ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಅದನ್ನು ಬ್ಯಾಟರಿಗೆ ಸುತ್ತಬಾರದು.

ಲಡಾಖ್‌ನಂತಹ ಜಾಗಗಳಿಗೆ ತಾನೇ ಬೆಚ್ಚಗಾಗುವ ಬ್ಯಾಟರಿ ದುಬಾರಿಯಾದರೂ ತಕ್ಕದ್ದು. ಇದಕ್ಕೆ ಬೇಕಾಗುವ ಶಕ್ತಿ ಹೆಚ್ಚೇನಲ್ಲ. 12 ಕಿಲೋ ತೂಕದ ಬ್ಯಾಟರಿಯನ್ನು 10 ಡಿಗ್ರಿ ಬೆಚ್ಚಗಾಗಿಸಲು ಸುಮಾರು 33 ವ್ಯಾಟ್ ಗಂಟೆ ಬೇಕು. ಸೋರಿಹೋಗುವ ಶಾಖ ಸೇರಿಸಿ ಇಮ್ಮಡಿ ಹಿಡಿದರೂ 66. ಅಂತಹ ಬ್ಯಾಟರಿಯಲ್ಲಿ ಒಟ್ಟು 1,280 ವ್ಯಾಟ್ ಗಂಟೆ ಇರುತ್ತದೆ.

ಚಳಿಗಾಲದ ದಿನಚರಿ

1. ಸಂಜೆ ಕತ್ತಲಾಗುವ ಮೊದಲು ಓದುವ ದೀಪವನ್ನು ಮನೆಯೊಳಗೆ ತನ್ನಿರಿ. ಇದನ್ನು ಮಗುವಿನ ಜವಾಬ್ದಾರಿಯಾಗಿಸಬಹುದು.
2. ದೊಡ್ಡ ಬ್ಯಾಟರಿಯ ಮೈಗೆ ತಾಗುವಂತೆ ಒಂದು ಉಷ್ಣಮಾಪಕ ಇಡಿರಿ. ಗೋಡೆಯ ಮೇಲಿನ ಉಷ್ಣಮಾಪಕ ಗಾಳಿಯನ್ನು ಅಳೆಯುತ್ತದೆ. ನಮಗೆ ಬೇಕಾದದ್ದು ಬ್ಯಾಟರಿಯ ಮೈಯ ಲೆಕ್ಕ.
3. ಫಲಕ ಮತ್ತು ಕಂಟ್ರೋಲರಿನ ನಡುವೆ ಸ್ವಿಚ್ ಹಾಕಿಸಿಕೊಳ್ಳಿರಿ. ಇಬ್ಬನಿ ಹೆಪ್ಪುಗಟ್ಟುವ ಕಾಲದಲ್ಲಿ ಸಂಜೆ ಅದನ್ನು ಆರಿಸಿ, ಮರುದಿನ ಉಷ್ಣಮಾಪಕ 5 ಡಿಗ್ರಿ ದಾಟಿದ ಮೇಲೆ ಹಾಕಿರಿ. ಸೊನ್ನೆಗೂ ಐದಕ್ಕೂ ನಡುವಿನ ಈ ಅಂತರ ಒಳಗಿನ ಭಾಗ ಇನ್ನೂ ತಣ್ಣಗಿರಬಹುದೆಂಬ ಎಚ್ಚರಿಕೆಗಾಗಿ.
4. 10 ಡಿಗ್ರಿಯವರೆಗೆ ನಿಧಾನ ಚಾರ್ಜ್ ಒಳ್ಳೆಯದು. 100 ಆಂಪಿಯರ್ ಗಂಟೆಯ ಬ್ಯಾಟರಿಗೆ 10 ಆಂಪಿಯರ್ ಮೀರದಿರಲಿ. ಸೊನ್ನೆಗಿಂತ ಕೆಳಗೆ ನಿಧಾನವಾಗಿಯೂ ಬೇಡ.
5. ಹೊರಗೆ ಉಳಿದುಹೋದ ದೀಪವನ್ನು ಒಳತಂದಾಗ ಅದರ ಮೇಲೆ ತೇವ ಕೂಡುತ್ತದೆ. ಒರೆಸಿ, ಎರಡು ಮೂರು ಗಂಟೆ ಬಿಟ್ಟು ಅನಂತರ ಚಾರ್ಜಿಗೆ ಇಡಿರಿ.

ಬೆಳಗಿನ ಎರಡು ಗಂಟೆಯ ಬಿಸಿಲು ಹೋಯಿತೆಂಬ ಚಿಂತೆ ಬೇಡ. 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು ನಾಲ್ಕು ಗಂಟೆ ಉರಿದರೆ ವ್ಯಯವಾಗುವುದು 72 ವ್ಯಾಟ್ ಗಂಟೆ. 100 ವ್ಯಾಟ್ ಫಲಕ ಮಧ್ಯಾಹ್ನದ ಎರಡು ಗಂಟೆಯ ತಿಳಿ ಬಿಸಿಲಿನಲ್ಲಿ ಅಷ್ಟನ್ನು ತುಂಬಿಕೊಡಬಲ್ಲದು.

ಎಂದೂ ಮಾಡಬಾರದ್ದು

ಬ್ಯಾಟರಿಯನ್ನು ಒಲೆಯ ಪಕ್ಕ, ಅಗ್ಗಿಷ್ಟಿಕೆಯ ಮೇಲೆ, ಬಿಸಿನೀರಿನಲ್ಲಿ, ಕೂದಲು ಒಣಗಿಸುವ ಯಂತ್ರದಿಂದ ಬೆಚ್ಚಗಾಗಿಸಬಾರದು. ಹೊರಭಾಗ ಸುಟ್ಟು ಒಳಭಾಗ ತಣ್ಣಗೇ ಉಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದಂತೂ ಬ್ಯಾಟರಿಗಿಂತ ಮೊದಲು ಮನುಷ್ಯರಿಗೇ ಮಾರಕ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬ್ಯಾಟರಿಯನ್ನು ಕಂಬಳಿಯಲ್ಲಿ ಸುತ್ತಿ ಚಾರ್ಜ್ ಮಾಡುವುದು, ಹಾಸಿಗೆಯಲ್ಲಿಟ್ಟುಕೊಂಡು ಮಲಗುವುದು, ಹಳೆಯ ಮತ್ತು ಹೊಸ ಕೋಶಗಳನ್ನು ಬೆರೆಸಿ ಜೋಡಿಸುವುದು, ಇವೂ ಸಲ್ಲವು.

ಹಾನಿಯ ಲಕ್ಷಣ ಮತ್ತು ತುರ್ತು ಕ್ರಮ

ಬ್ಯಾಟರಿ ಉಬ್ಬಿದೆ, ಸಿಹಿಯಾದ ಅಥವಾ ದ್ರಾವಕದಂತಹ ವಾಸನೆ ಬರುತ್ತಿದೆ, ಸುಮ್ಮನಿದ್ದಾಗಲೂ ಬಿಸಿಯಾಗುತ್ತಿದೆ, ತುಂಬಿಸಿಟ್ಟದ್ದು ಬಳಸದೆಯೇ ಇಳಿಯುತ್ತಿದೆ, ಹೋದ ವರ್ಷ ಐದು ಗಂಟೆ ಉರಿದ ದೀಪ ಈ ವರ್ಷ ಬೆಚ್ಚಗಿನ ದಿನದಲ್ಲೂ ಎರಡು ಗಂಟೆಗೆ ಆರುತ್ತಿದೆ: ಇವುಗಳಲ್ಲಿ ಯಾವುದೊಂದು ಕಂಡರೂ ಬಳಕೆ ನಿಲ್ಲಿಸಿರಿ. ಫಲಕದ ಸಂಪರ್ಕ ತೆಗೆದು, ಬ್ಯಾಟರಿಯನ್ನು ಮನೆಯಿಂದ ದೂರ, ಮಳೆ ಬೀಳದ ತೆರೆದ ಜಾಗದಲ್ಲಿ ಇಡಿರಿ.

ಹೊಗೆ ಅಥವಾ ಬೆಂಕಿ ಕಂಡರೆ ಮೊದಲು ಮಕ್ಕಳನ್ನೂ ಹಿರಿಯರನ್ನೂ ಹೊರಗೆ ಕರೆತನ್ನಿರಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂತಹ ವಿಷಾನಿಲಗಳಿರುವುದರಿಂದ ಬ್ಯಾಟರಿಯನ್ನು ಉಳಿಸಲು ಒಳಹೋಗಬಾರದು. 101 ಅಥವಾ 112ಕ್ಕೆ ಕರೆಮಾಡಿ, ಲಿಥಿಯಂ ಬ್ಯಾಟರಿಯ ಬೆಂಕಿ ಎಂದು ಸ್ಪಷ್ಟವಾಗಿ ಹೇಳಿರಿ. ಕೈಯಲ್ಲಿ ಹಿಡಿಯುವ ಸಣ್ಣ ದೀಪಕ್ಕೆ ಬೆಂಕಿ ಹತ್ತಿದ್ದು ತೆರೆದ ಜಾಗದಲ್ಲಾದರೆ ದೂರದಿಂದ ಹೇರಳವಾಗಿ ನೀರು ಸುರಿಯಬಹುದು. ನೀರು ಅದನ್ನು ತಣಿಸುತ್ತದೆ. ಆರಿದಂತೆ ಕಂಡ ಬೆಂಕಿ ಗಂಟೆಗಳ ನಂತರವೂ ಮತ್ತೆ ಹೊತ್ತಬಹುದು.

ರಜೆಯಲ್ಲಿ, ಕಾಲ ಮುಗಿದ ಮೇಲೆ

ಊರಿಗೆ ಹೋಗುವಾಗ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿ, ಫಲಕದ ಸಂಪರ್ಕ ತೆಗೆದು, ಒಣ ಜಾಗದಲ್ಲಿ ಇಡಿರಿ. ಪೂರ್ಣ ಖಾಲಿಯಾಗಿ ತಿಂಗಳುಗಟ್ಟಲೆ ಬಿಡುವುದು ಒಳ್ಳೆಯದಲ್ಲ. ಕೆಟ್ಟ ಬ್ಯಾಟರಿಯನ್ನು ಕಸದ ರಾಶಿಗೆ ಎಸೆಯಬಾರದು, ಸುಡಲೂಬಾರದು. ಹಳೆಯ ಬ್ಯಾಟರಿಗಳನ್ನು ಹಿಂಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ. ಮಾರಿದ ಅಂಗಡಿಯಲ್ಲಿ ಈ ಮಾತನ್ನು ಧೈರ್ಯವಾಗಿ ಕೇಳಿರಿ.

ಹಕ್ಕುಗಳ ಬಗೆಗೆ, ಪಠ್ಯಪುಸ್ತಕಗಳ ಬಗೆಗೆ, ಶಿಕ್ಷಕರ ನೇಮಕದ ಬಗೆಗೆ ನಾವು ಇಲ್ಲಿ ಮತ್ತೆ ಮತ್ತೆ ಬರೆಯುತ್ತ ಬಂದಿದ್ದೇವೆ. ಮನೆಯೊಳಗಿನ ಒಂದು ಸಾಧನವನ್ನು ಸುರಕ್ಷಿತವಾಗಿ ಬಳಸುವ ತಿಳಿವು ತಾಯ್ನುಡಿಯಲ್ಲಿ ಸಿಗಬೇಕೆಂಬುದೂ ಅದೇ ಬೇಡಿಕೆಯ ಭಾಗವೆಂದು ನಾವು ನಂಬಿದ್ದೇವೆ. ಎಂಟು, ಒಂಬತ್ತು, ಹತ್ತನೆಯ ತರಗತಿಯ ವಿಜ್ಞಾನ ಶಿಕ್ಷಕರು ಒಂದು ಅವಧಿಯನ್ನು ಇದಕ್ಕೆ ಮೀಸಲಿಡಲಿ. ಮಕ್ಕಳು ತಮ್ಮ ಮನೆಯ ಬ್ಯಾಟರಿಯ ಲೇಬಲ್ಲನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ಬರಲಿ. ಚಾರ್ಜಿನ ಉಷ್ಣಾಂಶದ ಸಾಲನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದು ಮನೆಯ ಸ್ವಿಚ್ಚಿನ ಪಕ್ಕ ಅಂಟಿಸಲಿ. ಅಜ್ಜಿಗೂ ಓದಲು ಬರುವ ಅಕ್ಷರದಲ್ಲಿ ಅದು ಇರಲಿ.